ಒಂದೇ ಪದದ ಕಾಮೆಂಟ್ ಬಂದಾಗ ಏನು ಉತ್ತರ ಕೊಡೋದು?

ಕೂತು ಯೋಚಿಸಿ ನಾಲ್ಕು ಪ್ಯಾರಾ ಬರೆದು ಗುಂಪಿಗೆ ಹಾಕಿರುತ್ತೀರಿ. ಕೆಳಗೆ ಒಬ್ಬರು "ಹೂಂ" ಅಂತಾರೆ. ಇನ್ನೊಬ್ಬರು "ಹೌದಾ". ಮತ್ತೊಬ್ಬರದು ಬರೀ ಹೆಬ್ಬೆರಳು. ಈಗ ಏನು ಮಾಡಬೇಕು? ಒಬ್ಬೊಬ್ಬರಿಗೂ ಧನ್ಯವಾದ ಹೇಳುತ್ತಾ ಹೋದರೆ ಗುಂಪಿನ ಉಳಿದವರಿಗೆ ತಲೆನೋವು, ಸುಮ್ನೆ ಇದ್ದರೆ "ಎಷ್ಟು ಜಂಬ ನೋಡಿ" ಅನ್ನೋ ಮಾತು, ತೋಚಿದ್ದು ಬರೆದರೆ ಅದು ಎಲ್ಲಿಗೋ ಹೋಗಿ ಜಗಳ.

ನನ್ನ ಪ್ರಕಾರ ಇದಕ್ಕೆ ಹಿಡಿಯಬೇಕಾದ ದಾರಿ ಒಂದೇ. ಕಾಮೆಂಟ್ ಎಷ್ಟು ಉದ್ದ ಇದೆ ಅಂತ ನೋಡಬೇಡಿ. ಅದು ಅಲ್ಲಿ ಯಾವ ಕೆಲಸಕ್ಕೆ ಬಂದಿದೆ ಅಂತ ನೋಡಿ. ಅದು ಗೊತ್ತಾದರೆ ಉತ್ತರ ಕೊಡಬೇಕಾ ಬೇಡವಾ, ಕೊಟ್ಟರೆ ಎಷ್ಟು ಕೊಡಬೇಕು ಅನ್ನೋದು ಮುಕ್ಕಾಲು ಭಾಗ ತಾನಾಗಿಯೇ ತೀರ್ಮಾನ ಆಗುತ್ತದೆ.

ಮೊದಲ ಹೆಜ್ಜೆ: ಆ ಪದ ಮಾಡುತ್ತಿರುವ ಕೆಲಸ ಗುರುತಿಸಿ

ಚಿಕ್ಕ ಕಾಮೆಂಟ್‌ಗಳೆಲ್ಲ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಒಳಗೆ ಬೇರೆ ಬೇರೆ. "ನೋಡಿದೆ", "ಓಕೆ" ಅನ್ನುವವು ರಸೀದಿ ಇದ್ದ ಹಾಗೆ, ನಿಮ್ಮ ಮಾತು ತಲುಪಿತು ಅಂತ ಅಷ್ಟೇ. "ಸೂಪರ್", "ಚೆನ್ನಾಗಿದೆ" ಅನ್ನುವವು ಮೆಚ್ಚುಗೆ. "ಫಾಲೋಯಿಂಗ್" ಅಂತ ಹಾಕಿ ಹೋಗುವವರು ಹಾಜರಿ ಹಾಕುತ್ತಿದ್ದಾರೆ, ಮುಂದಿನ ನೋಟಿಫಿಕೇಶನ್ ತಮಗೂ ಬರಲಿ ಅಂತ. "ಯಾಕೆ?", "ಲಿಂಕ್?" ಅನ್ನುವವು ಪ್ರಶ್ನೆ. "ಸುಳ್ಳು", "ಕಾಮಿಡಿ" ಅನ್ನುವವು ಚುಚ್ಚು ಮಾತು, ಕೆಲವೊಮ್ಮೆ ನಿಜವಾದ ತಕರಾರು. "ಆಯ್ತು ಬಿಡಿ" ಅಂತ ಬಂದರೆ ಅದು ಮುನಿಸು, ಅದನ್ನು ಒಪ್ಪಿಗೆ ಅಂದುಕೊಂಡು ಮುಂದೆ ಹೋಗಬೇಡಿ.

ಸುದ್ದಿ ಏನೂ ಇಲ್ಲದ, ಬರೀ ನಂಟು ಉಳಿಸಿಕೊಳ್ಳಲು ಆಡುವ ಮಾತಿಗೆ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲೇ 'ಫ್ಯಾಟಿಕ್ ಕಮ್ಯೂನಿಯನ್' ಅಂತ ಹೆಸರು ಕೊಟ್ಟಿದ್ದರು. ಎದುರು ಸಿಕ್ಕವರನ್ನು "ಏನು ಸಮಾಚಾರ?" ಅಂತ ಕೇಳುತ್ತೇವಲ್ಲ, ಆ ಥರದ್ದು. ಅಲ್ಲಿ ಯಾರೂ ನಿಜವಾಗಿ ಸಮಾಚಾರ ಕೇಳುತ್ತಿರುವುದಿಲ್ಲ. ಆನ್‌ಲೈನ್‌ನಲ್ಲಿ ಬರುವ ಒಂದು ಪದದ ಕಾಮೆಂಟ್‌ಗಳಲ್ಲಿ ದೊಡ್ಡ ಪಾಲು ಇಂಥವೇ. "ಇದರಲ್ಲಿ ವಿಷಯವೇ ಇಲ್ಲ" ಅಂತ ಸಿಟ್ಟಾಗುವವರು ಇರುತ್ತಾರೆ. ವಿಷಯ ತರೋದು ಅದರ ಕೆಲಸ ಆಗಿರಲೇ ಇಲ್ಲ, ಅಲ್ವಾ?

ಯಾವ ಜಾತಿಯ ಕಾಮೆಂಟ್ ಅಂತ ಗೊತ್ತಾಗದಿದ್ದರೆ ಎರಡು ಕಡೆ ನೋಡಿ. ಅದರ ಮೇಲಿನ ಎರಡು ಮೂರು ಸಂದೇಶ ಓದಿ. ಆಮೇಲೆ ಅದೇ ವ್ಯಕ್ತಿ ಬೇರೆಯವರಿಗೆ ಹೇಗೆ ಬರೆಯುತ್ತಾರೆ ಅಂತ ನೋಡಿ. ಎಲ್ಲರಿಗೂ "ಹೂಂ" ಅನ್ನುವವರು ನಿಮಗೂ "ಹೂಂ" ಅಂದಿದ್ದಾರೆ, ಅಷ್ಟೇ. ಯಾವಾಗಲೂ ಉದ್ದಕ್ಕೆ ಬರೆಯುವವರು ಇದ್ದಕ್ಕಿದ್ದ ಹಾಗೆ "ಸರಿ" ಅಂತ ನಿಲ್ಲಿಸಿದರೆ ಮಾತ್ರ ಅಲ್ಲಿ ಏನೋ ಇರಬಹುದು.

ಎರಡನೆಯದು: ದನಿ ನೀವು ಸೇರಿಸಬೇಡಿ

ಇಲ್ಲಿಯೇ ಜಾಸ್ತಿ ಜನ ಎಡವೋದು. "ಹೌದಾ" ಅನ್ನುವುದನ್ನು ಬಾಯಲ್ಲಿ ಹೇಳಿದರೆ ಆಶ್ಚರ್ಯವೋ, ಅನುಮಾನವೋ, ಕುಹಕವೋ ಅಂತ ದನಿಯಲ್ಲೇ ತಿಳಿಯುತ್ತದೆ. ಪರದೆ ಮೇಲೆ ಮೂರೂ ಒಂದೇ. ಹಾಗಾಗಿ ಓದುವವರು ತಮ್ಮ ಆ ಹೊತ್ತಿನ ಮೂಡ್ ನೋಡಿಕೊಂಡು ಒಂದು ದನಿ ಹಚ್ಚುತ್ತಾರೆ, ಆಮೇಲೆ ತಾವೇ ಹಚ್ಚಿದ ದನಿಗೆ ಸಿಟ್ಟಾಗುತ್ತಾರೆ.

ಬರೆಯುವವರಿಗೂ ಇದು ಗೊತ್ತಾಗುವುದಿಲ್ಲ. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ ಗಂಭೀರವಾದ ಮತ್ತು ವ್ಯಂಗ್ಯದ ವಾಕ್ಯಗಳನ್ನು ಇಮೇಲ್‌ನಲ್ಲಿ ಕಳಿಸಲು ಹೇಳಿದ್ದರು. ಸುಮಾರು 78 ಶೇಕಡಾ ಸಲ ಓದುವವರಿಗೆ ಸರಿಯಾಗಿ ಅರ್ಥ ಆಗುತ್ತದೆ ಅಂತ ಕಳಿಸಿದವರ ಅಂದಾಜು. ನಿಜಕ್ಕೂ ಅರ್ಥ ಆಗಿದ್ದು ಸುಮಾರು 56 ಶೇಕಡಾ. ಅಂದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪ ಮೇಲು. ಅವು ಇಡೀ ವಾಕ್ಯಗಳು! ಒಂದೇ ಪದ ಇದ್ದಾಗ ಪರಿಸ್ಥಿತಿ ಎಷ್ಟು ಸುಧಾರಿಸೀತು ನೀವೇ ಯೋಚಿಸಿ.

ಪೂರ್ಣವಿರಾಮ ಕೂಡ ಸಂಬಂಧ ಕೆಡಿಸಬಲ್ಲದು. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಹೇಳಿದ ಪ್ರಕಾರ, ಮೊಬೈಲ್ ಸಂದೇಶದಲ್ಲಿ ಒಂದು ಪದದ ಉತ್ತರದ ಕೊನೆಗೆ ಚುಕ್ಕೆ ಇದ್ದರೆ ಓದಿದ ವಿದ್ಯಾರ್ಥಿಗಳಿಗೆ ಅದು ಅಷ್ಟೊಂದು ಮನಸಾರೆ ಹೇಳಿದ್ದಲ್ಲ ಅನ್ನಿಸಿತು. ಅದೇ ಉತ್ತರವನ್ನು ಕೈಬರಹದ ಚೀಟಿಯಲ್ಲಿ ತೋರಿಸಿದಾಗ ಹಾಗೆ ಅನ್ನಿಸಲಿಲ್ಲ. ಶಾಲೆಯಲ್ಲಿ ಕಲಿತ ಹಾಗೆ ಚುಕ್ಕೆ ಇಟ್ಟು ಬರೆಯುವ ಹಿರಿಯರ "ಸರಿ." ನೋಡಿ ಕಿರಿಯರು ಗಾಬರಿ ಆಗೋದು ಇದಕ್ಕೇ.

ಹಾಗಾಗಿ ಒಂದು ಸುಲಭದ ಅಭ್ಯಾಸ. ಕೆಣಕುವ ಹಾಗೆ ಕಾಣುವ ಕಾಮೆಂಟನ್ನು ಬೇರೆ ಬೇರೆ ದನಿಯಲ್ಲಿ ಜೋರಾಗಿ ಓದಿ. ಒಮ್ಮೆ ಖುಷಿಯಿಂದ, ಒಮ್ಮೆ ಸುಸ್ತಾದವರ ಥರ, ಒಮ್ಮೆ ಸಿಟ್ಟಿನಿಂದ. ಖುಷಿಯ ದನಿ ಆ ಪದಕ್ಕೆ ಹೊಂದುತ್ತದೆ ಅಂದರೆ ಅದನ್ನೇ ನಂಬಿ ಉತ್ತರ ಕೊಡಿ. ಅವರು ನಿಜವಾಗಿ ಸಿಟ್ಟಾಗಿದ್ದರೆ ಮುಂದಿನ ಸಂದೇಶದಲ್ಲಿ ಹೇಗೂ ಗೊತ್ತಾಗುತ್ತದೆ, ಆಗಲೂ ತಡ ಆಗಿರುವುದಿಲ್ಲ.

ತಡವಾಗಿ ಬಂದ ಉತ್ತರಕ್ಕೂ ಅರ್ಥ ಹಚ್ಚಬೇಡಿ. ಎದುರಾಬದುರು ಮಾತಾಡುವಾಗ ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವೆ ಸರಾಸರಿ ಸುಮಾರು 200 ಮಿಲಿಸೆಕೆಂಡ್ ಅಷ್ಟೇ ಇರುತ್ತದೆ ಅಂತ ಹತ್ತು ಭಾಷೆಗಳನ್ನು ಹೋಲಿಸಿದ 2009ರ ಒಂದು ಅಧ್ಯಯನ ತೋರಿಸಿತ್ತು. ಅಲ್ಲಿ ಸ್ವಲ್ಪ ತಡವಾದರೂ "ಇಲ್ಲ ಅನ್ನುತ್ತಾರೇನೋ" ಅಂತ ನಮ್ಮ ಕಿವಿ ಊಹಿಸುತ್ತದೆ. ಅದೇ ಕಿವಿಯನ್ನು ಪರದೆಗೂ ತಂದು "ಮೂರು ಗಂಟೆ ಬಿಟ್ಟು ಬರೀ ಓಕೆ ಅಂದರು" ಅಂತ ಬೇಜಾರು ಮಾಡಿಕೊಳ್ಳುತ್ತೇವೆ. ಪಾಪ, ಅವರು ಮೂರು ಗಂಟೆ ಫೋನೇ ಮುಟ್ಟಿರಲಿಕ್ಕಿಲ್ಲ.

ಚಿಕ್ಕದಾಗಿ ಬರೆಯುವುದಕ್ಕೆ ಕಾರಣಗಳೂ ನೂರೆಂಟು. ಒಂದು ಕೈಯಲ್ಲಿ ಫೋನ್ ಹಿಡಿದಿರುತ್ತಾರೆ. ಕನ್ನಡ ಕೀಬೋರ್ಡ್‌ನಲ್ಲಿ ಒತ್ತಕ್ಷರ ಹುಡುಕುವಷ್ಟರಲ್ಲಿ ಸಾಕಾಗಿರುತ್ತದೆ. ಕೆಲವರಿಗೆ ಹಳೆ ಎಸ್ಎಂಎಸ್ ಕಾಲದ ಕೈ, ಆಗ ಇಂಗ್ಲಿಷ್‌ನಲ್ಲಿ 160 ಅಕ್ಷರ ಹಿಡಿಯುತ್ತಿದ್ದ ಒಂದು ಸಂದೇಶದಲ್ಲಿ ಕನ್ನಡ ಲಿಪಿ ಬಳಸಿದರೆ 70 ಮಾತ್ರ ಹಿಡಿಯುತ್ತಿತ್ತು, ಅದರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ಇನ್ನು ಕೆಲವರಿಗೆ ತಪ್ಪು ಬರೆದುಬಿಟ್ಟರೆ ಅನ್ನುವ ಅಳುಕು. ಬಳಕೆದಾರರ ನಡವಳಿಕೆ ಬಗ್ಗೆ ಬರೆಯುವ ಜೇಕಬ್ ನೀಲ್ಸನ್ 2006ರಲ್ಲಿ ಹೇಳಿದ ಒಂದು ಅಂದಾಜು ಈಗಲೂ ಚಾಲ್ತಿಯಲ್ಲಿದೆ: ಆನ್‌ಲೈನ್ ಗುಂಪುಗಳಲ್ಲಿ ನೂರಕ್ಕೆ ತೊಂಬತ್ತು ಜನ ಬರೀ ಓದುತ್ತಾರೆ, ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ, ಒಬ್ಬರು ಜಾಸ್ತಿ ಬರೆಯುತ್ತಾರೆ. "ಚೆನ್ನಾಗಿದೆ" ಅಂತ ಬರೆದವರು ಆ ತೊಂಬತ್ತರಿಂದ ಒಂಬತ್ತಕ್ಕೆ ಆಗಷ್ಟೇ ಕಾಲಿಟ್ಟವರು ಆಗಿರಬಹುದು. ಅವರಿಗೆ "ಅಷ್ಟೇನಾ?" ಅಂತ ಉತ್ತರ ಕೊಟ್ಟರೆ ವಾಪಸ್ ತೊಂಬತ್ತಕ್ಕೆ ಹೋಗಿ ಕೂರುತ್ತಾರೆ.

ಮೂರನೆಯದು: ಉತ್ತರ ಬೇಕೇ ಬೇಕಾ ಅಂತ ಕೇಳಿಕೊಳ್ಳಿ

ಬಹಳಷ್ಟು ಸಲ ಬೇಡ. ಇನ್ನೂರು ಜನರ ಗುಂಪಿನಲ್ಲಿ ನೀವು ಹಾಕುವ ಒಂದು "ಥ್ಯಾಂಕ್ಸ್" ಸುಮಾರು ಇನ್ನೂರು ಫೋನ್‌ಗಳಿಗೆ ಹೋಗುತ್ತದೆ. ಐದು ಜನರಿಗೆ ಬೇರೆ ಬೇರೆಯಾಗಿ ಹೇಳಿದರೆ ಸಾವಿರ. ನೆಟ್ ನಡತೆ ಬಗ್ಗೆ 1995ರಲ್ಲಿ ಬಂದ ಆರ್‌ಎಫ್‌ಸಿ 1855 ಅನ್ನುವ ದಾಖಲೆಯಲ್ಲೇ, ಉತ್ತರಕ್ಕೆ ಸುಮ್ನೆ ಒಂದು ಉತ್ತರ ಅನ್ನುವಂಥ ಸಂದೇಶ ಕಳಿಸಬೇಡಿ ಅಂತ ಇದೆ. ಆಗ ಸ್ಮಾರ್ಟ್‌ಫೋನೂ ಇರಲಿಲ್ಲ, ವಾಟ್ಸಾಪೂ ಇರಲಿಲ್ಲ.

ಈ ಕಾಟಕ್ಕೆ ಪರಿಹಾರವಾಗಿಯೇ ರಿಯಾಕ್ಷನ್ ಗುಂಡಿಗಳು ಎಲ್ಲ ಕಡೆ ಬಂದಿವೆ. ಫೇಸ್‌ಬುಕ್ ಲೈಕ್ 2009ರದು. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಯಾರಾದರೂ ಒಂದು ದೋಷ ತಿಳಿಸಿದರೆ ಕೆಳಗೆ ಬಂದವರೆಲ್ಲ ನನಗೂ ಹಾಗೇ ಅನ್ನುವ ಅರ್ಥದಲ್ಲಿ "ಪ್ಲಸ್ ಒನ್" ಅಂತ ಹಾಕುತ್ತಾ ಹೋಗೋದು, ಪ್ರತಿಯೊಂದಕ್ಕೂ ಪ್ರಾಜೆಕ್ಟ್ ನೋಡಿಕೊಳ್ಳುವವರಿಗೆ ಇಮೇಲ್. ಬೇಸತ್ತ ಅನೇಕ ಡೆವಲಪರ್‌ಗಳು 2016ರ ಜನವರಿಯಲ್ಲಿ ಕಂಪನಿಗೆ ಬಹಿರಂಗ ಪತ್ರ ಬರೆದರು, ಮಾರ್ಚ್‌ನಲ್ಲಿ ರಿಯಾಕ್ಷನ್ ಬಂತು. ವಾಟ್ಸಾಪ್‌ಗೆ ಅದು ಬಂದಿದ್ದು 2022ರಲ್ಲಿ.

ಹಾಗಾಗಿ ರಸೀದಿ, ಹಾಜರಿ, ಮೆಚ್ಚುಗೆ ಇವಕ್ಕೆ ಒಂದು ರಿಯಾಕ್ಷನ್ ಒತ್ತಿ ಮುಂದೆ ಹೋಗಿ. ತುಂಬಾ ಜನ ಹೊಗಳಿದ್ದರೆ ಒಂದು ದಿನ ಬಿಟ್ಟು ಎಲ್ಲರಿಗೂ ಸೇರಿ ಒಂದೇ ಸಂದೇಶ ಹಾಕಿ. ಹತ್ತು ಜನರನ್ನು ಟ್ಯಾಗ್ ಮಾಡುವುದು ಬೇಡ, ಹನ್ನೊಂದನೆಯವರನ್ನು ಮರೆತಿರುತ್ತೀರಿ, ಅದೊಂದು ರಗಳೆ.

ಗುಂಡಿ ಸಾಲದ ಜಾಗಗಳೂ ಇವೆ. ಗುಂಪಿಗೆ ಹೊಸಬರು ಮೊದಲ ಸಲ ಬಾಯಿ ಬಿಟ್ಟಾಗ ಎರಡು ಪದವಾದರೂ ಬರೆಯಿರಿ. ಯಾರಾದರೂ ತಮ್ಮ ಕಷ್ಟ ಹೇಳಿಕೊಂಡು, ನೀವು ಸಮಾಧಾನ ಹೇಳಿದ ಮೇಲೆ "ಹೂಂ" ಅಂದರೆ ಅಲ್ಲಿಗೇ ಬಿಡಬೇಡಿ. ಗುಂಪಿನಲ್ಲಿ ಅಲ್ಲ, ಖಾಸಗಿಯಾಗಿ "ಈಗ ಹೇಗಿದ್ದೀರಿ? ಮಾತಾಡಬೇಕು ಅನ್ನಿಸಿದರೆ ಫೋನ್ ಮಾಡಿ" ಅಂತ ಹಾಕಿ. ಸಾವಿನ ಸುದ್ದಿಗೆ ಹೆಬ್ಬೆರಳು ಒತ್ತುವವರ ಬಗ್ಗೆ ಏನು ಹೇಳೋದು, ಬಿಡಿ.

ದುಡ್ಡಿನ ವ್ಯವಹಾರದ ಮಾತಿಗೂ ಹೆಬ್ಬೆರಳು ಬೇಡ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಅಗಸೆ ಖರೀದಿಸುವ ಕಂಪನಿಯೊಂದು ಒಪ್ಪಂದದ ಫೋಟೋ ಕಳಿಸಿ "ಖಚಿತಪಡಿಸಿ" ಅಂತ ರೈತರೊಬ್ಬರನ್ನು ಕೇಳಿತ್ತು. ಅವರು ಹೆಬ್ಬೆರಳಿನ ಇಮೋಜಿ ಹಾಕಿದರು. ಬೆಳೆ ತಲುಪಲಿಲ್ಲ, ವಿಷಯ ಕೋರ್ಟಿಗೆ ಹೋಯಿತು. "ಸಂದೇಶ ಸಿಕ್ಕಿತು ಅಂತಷ್ಟೇ ನನ್ನ ಅರ್ಥ" ಅಂದರು ರೈತರು. ಅದೇ ಇಬ್ಬರ ನಡುವೆ ಹಿಂದಿನ ಒಪ್ಪಂದಗಳೆಲ್ಲ "ಓಕೆ", "ಹೂಂ" ಥರದ ಚುಟುಕು ಉತ್ತರದಲ್ಲೇ ಕುದುರಿದ್ದವು, ಹಾಗಾಗಿ ಈ ಹೆಬ್ಬೆರಳೂ ಒಪ್ಪಿಗೆಯೇ ಅಂತ 2023ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ರೈತರು ಕಂಪನಿಗೆ ಕೊಡಬೇಕಾದ ಪರಿಹಾರ ಸುಮಾರು 82 ಸಾವಿರ ಕೆನಡಾ ಡಾಲರ್. ನೀವು ರಸೀದಿ ಅಂತ ಕೊಟ್ಟಿದ್ದನ್ನು ಇನ್ನೊಬ್ಬರು ಸಹಿ ಅಂತ ತೆಗೆದುಕೊಳ್ಳಬಹುದು.

ಇದನ್ನೇ ಕೆಲಸದ ಗುಂಪಿಗೆ ತಂದು ನೋಡಿ. "ಶುಕ್ರವಾರದೊಳಗೆ ವರದಿ ಬೇಕು" ಅಂದಿದ್ದಕ್ಕೆ "ಓಕೆ" ಬಂತು. ಓದಿದೆ ಅಂತ ಓಕೆನಾ, ಮಾಡ್ತೀನಿ ಅಂತ ಓಕೆನಾ? ಊಹಿಸಬೇಡಿ. "ಹಾಗಾದರೆ ಶುಕ್ರವಾರ ಸಂಜೆ ನಿಮ್ಮಿಂದ ಬರುತ್ತದೆ ಅಂತ ಬರೆದುಕೊಳ್ಳಲಾ?" ಅಂತ ಒಂದು ಸಾಲು ಹಾಕಿ. ಅದರಲ್ಲಿ ಅನುಮಾನದ ದನಿ ಇಲ್ಲ, ಯಾರು, ಏನು, ಯಾವಾಗ ಅನ್ನೋದು ಮೂರೂ ಸ್ಪಷ್ಟ.

ನಾಲ್ಕನೆಯದು: ಬರೆಯುವುದಾದರೆ ಅಳತೆ ನೋಡಿ ಬರೆಯಿರಿ

ಒಂದು ಪದಕ್ಕೆ ಒಂದು ಪುಟ ಉತ್ತರ ಬಂದರೆ ಎದುರಿನವರು ಬೆದರುತ್ತಾರೆ. ತಾವೂ ಅಷ್ಟೇ ಬರೆಯಬೇಕೇನೋ ಅನ್ನುವ ಸಾಲ ಹೊರಿಸಿದ ಹಾಗೆ ಆಗುತ್ತದೆ. ಅವರು ಬರೆದದ್ದಕ್ಕಿಂತ ಒಂಚೂರು ಜಾಸ್ತಿ, ಅಷ್ಟು ಸಾಕು. ಒಂದು ಪದಕ್ಕೆ ಒಂದು ವಾಕ್ಯ. ಮಾತು ಮುಂದುವರಿಯಲಿ ಅಂತ ನಿಮಗೆ ಆಸೆ ಇದ್ದರೆ ಆ ವಾಕ್ಯದ ಕೊನೆಗೆ ಸುಲಭವಾಗಿ ಉತ್ತರಿಸಬಹುದಾದ ಪ್ರಶ್ನೆ ಇಡಿ.

ಸುಲಭವಾಗಿ ಅಂದರೆ ಹೇಗೆ? ಯಾರೋ "ಇಂಟರೆಸ್ಟಿಂಗ್" ಅಂದಿದ್ದಾರೆ ಅಂದುಕೊಳ್ಳಿ. "ಯಾವ ರೀತಿಯಲ್ಲಿ ಇಂಟರೆಸ್ಟಿಂಗ್, ಸ್ವಲ್ಪ ವಿವರಿಸುತ್ತೀರಾ?" ಅಂದರೆ ಪರೀಕ್ಷೆ ಕೊಟ್ಟ ಹಾಗಾಯಿತು. ಅವರು ಮಾಯ ಆಗುತ್ತಾರೆ. ಅದರ ಬದಲು "ಖುಷಿ ಆಯ್ತು. ನೀವು ಇದನ್ನು ಮೊದಲೇ ಮಾಡಿ ನೋಡಿದ್ದೀರಾ?" ಅನ್ನಿ. ಹೌದು ಅಥವಾ ಇಲ್ಲ ಅಂದರೂ ನಡೆಯುತ್ತದೆ, ಹೇಳಲು ಕಥೆ ಇದ್ದವರು ಹೇಳುತ್ತಾರೆ. ಎರಡರಲ್ಲಿ ಒಂದು ಆರಿಸಲು ಕೊಡೋದೂ ಒಳ್ಳೆಯದು. "ಅರ್ಥ ಆಗಲಿಲ್ಲ" ಅಂತ ಬಂದರೆ ಇಡೀ ಪೋಸ್ಟನ್ನು ಮತ್ತೆ ಬರೆಯಲು ಹೋಗದೆ "ಶುರುವಿನ ಸೆಟ್ಟಿಂಗ್ ಭಾಗವಾ, ಕೊನೆಯ ಲೆಕ್ಕದ ಭಾಗವಾ?" ಅಂತ ಕೇಳಿ. ಅವರು "ಲೆಕ್ಕ" ಅಂತ ಮತ್ತೆ ಒಂದೇ ಪದ ಬರೆಯುತ್ತಾರೆ, ಆದರೆ ಈ ಸಲ ಅದು ನಿಮ್ಮ ಕೆಲಸಕ್ಕೆ ಬರುವ ಪದ.

ಭಾಷೆಯ ಅಳತೆಯೂ ಹೊಂದಲಿ. ಅವರು ಬಹುವಚನದಲ್ಲಿ ಬರೆದಿದ್ದರೆ ನೀವೂ ಹಾಗೇ. ಗುರುತಿಲ್ಲದವರು "ಗುರು, ಸೂಪರ್" ಅಂದರೆ ನಗುತ್ತಾ "ಥ್ಯಾಂಕ್ಸ್" ಅನ್ನಿ, ಏಕವಚನಕ್ಕೆ ನೀವು ಮೊದಲು ಇಳಿಯಬೇಡಿ. ಅವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೆ ತಿದ್ದಲು ಹೋಗಬೇಡಿ. ನೀವು ಕನ್ನಡ ಲಿಪಿಯಲ್ಲಿ ಬರೆಯಿರಿ, ಸಾಕು.

ಬರೀ ಪ್ರಶ್ನೆ ಬಂದರೆ

"ಯಾಕೆ?" ಅನ್ನುವ ಒಂಟಿ ಪದ ಸವಾಲಿನ ಥರ ಕಾಣುತ್ತದೆ. ಪ್ರಶ್ನೆ ಅಂತಲೇ ತೆಗೆದುಕೊಂಡು ಉತ್ತರ ಕೊಡಿ. "ಲಿಂಕ್?" ಅಂದರೆ ಲಿಂಕ್ ಕೊಡಿ, "ಹುಡುಕಿದರೆ ಸಿಗುತ್ತದೆ" ಅನ್ನಬೇಡಿ. ನೀವು ಹುಡುಕಿಯಾಗಿದೆ, ಅವರಿಗೆ ಎರಡು ನಿಮಿಷ ಉಳಿಯುತ್ತದೆ, ಆಮೇಲೆ ಬರುವ ಇನ್ನೂ ಇಪ್ಪತ್ತು ಜನರಿಗೂ ಉಳಿಯುತ್ತದೆ. ಪೋಸ್ಟಿನಲ್ಲೇ ಇರುವುದನ್ನು ಕೇಳಿದರೆ "ಮೂರನೇ ಪ್ಯಾರಾದಲ್ಲಿದೆ ನೋಡಿ" ಅನ್ನಿ. "ಓದದೇ ಕೇಳ್ತೀರಲ್ಲ" ಅನ್ನುವ ಬಾಲ ಬೇಡ.

ಚುಚ್ಚು ಮಾತು ಬಂದರೆ

"ಸುಳ್ಳು" ಅಂತ ಒಂದು ಪದ. ಮೈ ಉರಿಯುತ್ತದೆ, ನಿಜ. ಆದರೂ ಒಂದೇ ಒಂದು ಸಲ ಅದನ್ನು ನಿಜವಾದ ತಕರಾರು ಅಂತ ಭಾವಿಸಿ ಕೇಳಿ: "ಯಾವ ಭಾಗ ತಪ್ಪು ಅನ್ನಿಸಿತು? ಹೇಳಿದರೆ ನೋಡುತ್ತೇನೆ." ನಿಜವಾಗಿ ತಪ್ಪು ಕಂಡವರು ಹೇಳುತ್ತಾರೆ, ನಿಮ್ಮ ಪೋಸ್ಟ್ ಸುಧಾರಿಸುತ್ತದೆ. ಕೆಣಕಲು ಬಂದವರು "ಹಹಹ" ಅಂತಾರೆ. ಅಲ್ಲಿಗೆ ನಿಮ್ಮ ಪಾಲಿನ ಮಾತು ಮುಗಿಯಿತು. ಎರಡನೇ ಉತ್ತರ ಕೊಡಬೇಡಿ. ಒಂದು ಪದ ಬರೆಯಲು ಅವರಿಗೆ ಎರಡು ಸೆಕೆಂಡ್, ಅದಕ್ಕೆ ಉತ್ತರ ಬರೆಯಲು ನಿಮಗೆ ಇಪ್ಪತ್ತು ನಿಮಿಷ. ಈ ವ್ಯಾಪಾರದಲ್ಲಿ ಯಾವತ್ತೂ ನಷ್ಟ ನಿಮ್ಮದೇ.

ಆಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಗುಂಪಿನಲ್ಲಿ "ನೋಡಿ ಇಂಥವರು" ಅಂತ ಹಾಕುವ ಚಟ ಇದೆಯಲ್ಲ, ಅದಂತೂ ಬೇಡವೇ ಬೇಡ. ಒಂದು ಪದಕ್ಕೆ ಐವತ್ತು ಜನರ ದಂಡು ಕಳಿಸಿದ ಹಾಗೆ. ಸಿಟ್ಟು ತಡೆಯಲು ಆಗದಿದ್ದರೆ ಮೇಲೆ ಹೇಳಿದ ಆರ್‌ಎಫ್‌ಸಿಯಲ್ಲೇ ಇರುವ ಇನ್ನೊಂದು ಮಾತು ಪಾಲಿಸಿ: ಭಾವಾವೇಶದ ಉತ್ತರವನ್ನು ಕಳಿಸುವ ಮೊದಲು ಒಂದು ರಾತ್ರಿ ಕಾಯಿರಿ. ಬೈಗುಳ, ಜಾತಿ ಧರ್ಮದ ನಿಂದನೆ, ಬೆದರಿಕೆ ಆದರೆ ಅದು ಬೇರೆ ವಿಷಯ. ಉತ್ತರವೇ ಬೇಡ, ನೇರವಾಗಿ ಅಡ್ಮಿನ್‌ಗೆ ತಿಳಿಸಿ, ರಿಪೋರ್ಟ್ ಮಾಡಿ.

ಮುನಿಸಿನ "ಆಯ್ತು ಬಿಡಿ"ಗೆ ಬೇರೆ ಮದ್ದು. ಎಲ್ಲರ ಎದುರು "ಬೇಜಾರಾಯ್ತಾ?" ಅಂತ ಕೇಳಿದರೆ "ಇಲ್ಲಪ್ಪ" ಅಂತಲೇ ಬರುತ್ತದೆ. ಖಾಸಗಿ ಸಂದೇಶಕ್ಕೆ ಹೋಗಿ, ಇನ್ನೂ ಒಳ್ಳೆಯದು ಅಂದರೆ ಫೋನ್ ಮಾಡಿ.

ನೀವು ಅಡ್ಮಿನ್ ಆಗಿದ್ದರೆ

ಚಿಕ್ಕ ಕಾಮೆಂಟ್ ನಿಷೇಧಿಸುವ ನಿಯಮ ಮಾಡಲು ಕೈ ಕಡಿಯುತ್ತಿರುತ್ತದೆ. ಸ್ವಲ್ಪ ತಾಳಿ. ಡಿಸ್ಕೋರ್ಸ್ ಅನ್ನುವ ಚರ್ಚಾ ತಂತ್ರಾಂಶದಲ್ಲಿ ಪೋಸ್ಟಿಗೆ ಕನಿಷ್ಠ 20 ಅಕ್ಷರ ಇರಬೇಕು ಅನ್ನುವುದು ಮೊದಲೇ ಇಟ್ಟ ಸೆಟ್ಟಿಂಗ್, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕಾಮೆಂಟಿಗೆ ಕನಿಷ್ಠ 15. ಕಂಪ್ಯೂಟರ್ ಲೆಕ್ಕದಲ್ಲಿ "ಧನ್ಯವಾದಗಳು" ಅಂದರೆ 10, ಎರಡೂ ಕಡೆ ಪಾಸಾಗುವುದಿಲ್ಲ. ಆಗ ಜನ ಉದ್ದವಾಗಿ ಯೋಚಿಸುತ್ತಾರಾ? ಇಲ್ಲ. ಚುಕ್ಕೆ ಚುಕ್ಕೆ ಹಾಕಿ ಭರ್ತಿ ಮಾಡುತ್ತಾರೆ. ಪ್ರಶ್ನೋತ್ತರವೇ ಮುಖ್ಯ ಆಗಿರುವ ಜಾಗಕ್ಕೆ ಆ ಮಿತಿ ಸರಿ, ಹರಟೆಯ ಗುಂಪಿಗೆ ಅದು ಹಿಂಸೆ. ನಿಮ್ಮ ಕೈಯಲ್ಲಿ ಆಗುವ ಕೆಲಸ ಬೇರೆ ಇದೆ. ರಿಯಾಕ್ಷನ್ ಆನ್ ಮಾಡಿ. "ಯಾರ‍್ಯಾರು ಬರ್ತೀರಿ?" ಅಂತ ಕೇಳುವ ಬದಲು ಪೋಲ್ ಹಾಕಿ, ನಲವತ್ತು "ನಾನು"ಗಳು ತಪ್ಪುತ್ತವೆ. ಸೂಚನೆಗಳಿಗೆ ಅಡ್ಮಿನ್ ಮಾತ್ರ ಬರೆಯಬಹುದಾದ ಬೇರೆ ಜಾಗ ಮಾಡಿ. ಯಾರಿಗಾದರೂ ತಿಳಿ ಹೇಳಬೇಕಿದ್ದರೆ ಗುಂಪಿನ ಮಧ್ಯೆ ಬೇಡ, ಒಬ್ಬರಿಗೇ ಹೇಳಿ.

ನೀವೇ ಚಿಕ್ಕದಾಗಿ ಬರೆಯುವಾಗ

ಇನ್ನೊಂದೇ ಒಂದು ಪದ ಸೇರಿಸಿ, ಅದು ಯಾವುದರ ಬಗ್ಗೆ ಅಂತ ತೋರಿಸುವ ಪದ. "ಚೆನ್ನಾಗಿದೆ" ಬದಲು "ಕೊನೆ ಪ್ಯಾರಾ ಚೆನ್ನಾಗಿದೆ". "ಓಕೆ" ಬದಲು "ಓಕೆ, ನಾಳೆ ಕಳಿಸುತ್ತೇನೆ". "ಹೌದಾ" ಬದಲು "ಹೌದಾ, ಗೊತ್ತೇ ಇರಲಿಲ್ಲ". "ನೋಡೋಣ" ಅನ್ನುವುದನ್ನು ಆದಷ್ಟು ಬಿಡಿ, ಇಲ್ಲ ಅನ್ನುವುದಾದರೆ ಇಲ್ಲ ಅಂದುಬಿಡಿ. ಕಾಯುವವರಿಗೆ ಅದೇ ಉಪಕಾರ.

ಇನ್ನು ಮಾತು ಎಲ್ಲಿ ನಿಲ್ಲಿಸಬೇಕು ಅನ್ನೋದು. "ಥ್ಯಾಂಕ್ಸ್", ಅದಕ್ಕೆ "ಪರವಾಗಿಲ್ಲ", ಅದಕ್ಕೆ ನಗುಮುಖ, ಅದಕ್ಕೆ ಕೈಮುಗಿದ ಇಮೋಜಿ, ಹೀಗೆ ಇಬ್ಬರು ಒಳ್ಳೆಯವರು ಸೇರಿದರೆ ರಾತ್ರಿ ಬೆಳಗಾಗುತ್ತದೆ. ಸಹಾಯ ಪಡೆದವರು ಥ್ಯಾಂಕ್ಸ್ ಹೇಳಿದರೆ ಸಹಾಯ ಮಾಡಿದವರು ಅದಕ್ಕೊಂದು ರಿಯಾಕ್ಷನ್ ಒತ್ತಿ ಫೋನ್ ಕೆಳಗಿಡಬಹುದು. ಎದುರಿನವರು ಮತ್ತೊಂದು ಇಮೋಜಿ ಹಾಕಿದರೂ ಪರವಾಗಿಲ್ಲ, ಅದು ಅಲ್ಲೇ ಇರಲಿ.